ಹಶಿಮೊಟೊ ಇರುವವರ ಕುತ್ತಿಗೆಯಲ್ಲಿ ದುಗ್ಧಗ್ರಂಥಿ ಊದಿದ್ದರೆ ಥೈರಾಯ್ಡ್ ಕ್ಯಾನ್ಸರ್ ಹರಡಿದೆ ಎಂದರ್ಥವೇ?

ಪ್ರಶ್ನೆ: ನನಗೆ ಹಲವು ವರ್ಷಗಳಿಂದ ಹಶಿಮೊಟೊ ಥೈರಾಯ್ಡ್ ಉರಿಯೂತವಿದೆ. ಈಗ ಪ್ಯಾಪಿಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗಿದ್ದು, ಕುತ್ತಿಗೆಯ ದುಗ್ಧಗ್ರಂಥಿಗಳು (ಲಿಂಫ್ ನೋಡ್‌ಗಳು) ದೊಡ್ಡದಾಗಿವೆ ಎಂದು ಸ್ಕ್ಯಾನಿಂಗ್ ವರದಿ ಹೇಳುತ್ತಿದೆ. ಕ್ಯಾನ್ಸರ್ ಅಲ್ಲಿಗೂ ಹರಡಿದೆಯೇ?

ಉತ್ತರ: ಊತವೊಂದರಿಂದಲೇ ಹಾಗೆ ತೀರ್ಮಾನಿಸಲಾಗದು. ಜಪಾನಿನ ವೈದ್ಯ ಹಕಾರು ಹಶಿಮೊಟೊ 1912ರಲ್ಲಿ, ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡಿನ ಮೇಲೆ ದಾಳಿ ಮಾಡುವ ಈ ಕಾಯಿಲೆಯನ್ನು ಮೊದಲು ವರ್ಣಿಸಿದಾಗ ಅವರ ಗಮನ ಸೆಳೆದದ್ದು, ಥೈರಾಯ್ಡಿನೊಳಗೆ ಗುಂಪುಗೂಡಿದ್ದ ಲಿಂಫೋಸೈಟ್ ಎಂಬ ರಕ್ಷಣಾ ಕೋಶಗಳು. ವರ್ಷಗಟ್ಟಲೆ ನಡೆಯುವ ಈ ಉರಿಯೂತಕ್ಕೆ ಸ್ಪಂದಿಸಿ ಸುತ್ತಲಿನ ದುಗ್ಧಗ್ರಂಥಿಗಳು, ಅದರಲ್ಲೂ ಥೈರಾಯ್ಡಿನ ಕೆಳಗೆ ಮತ್ತು ಶ್ವಾಸನಾಳದ ಅಕ್ಕಪಕ್ಕದಲ್ಲಿರುವವು, ಕ್ಯಾನ್ಸರ್ ಇಲ್ಲದವರಲ್ಲಿಯೂ ದೊಡ್ಡದಾಗುತ್ತವೆ. ಇನ್ನೊಂದೆಡೆ, ಪ್ಯಾಪಿಲರಿ ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಮೊದಲು ತಲುಪುವುದೂ ಇದೇ ಜಾಗವನ್ನು. ಗೊಂದಲ ಹುಟ್ಟುವುದು ಇಲ್ಲಿಯೇ.

ಆದ್ದರಿಂದ ವರದಿಯಲ್ಲಿ ಅಳತೆಗಿಂತ ಲಕ್ಷಣಗಳನ್ನು ನೋಡಬೇಕು. ಉರಿಯೂತದಿಂದ ಊದಿದ ಗ್ರಂಥಿಯ ನಡುವಿನ ಕೊಬ್ಬಿನ ಗೆರೆ ಸಾಮಾನ್ಯವಾಗಿ ಉಳಿದಿರುತ್ತದೆ. ಒಳಗೆ ಸುಣ್ಣದ ಸಣ್ಣ ಕಣಗಳು, ನೀರು ತುಂಬಿದ ಭಾಗ, ಅಂಚಿನಲ್ಲಿ ಅಸಹಜ ರಕ್ತಸಂಚಾರ ಅಥವಾ ತೀರ ದುಂಡಗಿನ ಆಕಾರ ಕಂಡರೆ ಅನುಮಾನ ಬಲವಾಗುತ್ತದೆ. ಅನುಮಾನಾಸ್ಪದ ಗ್ರಂಥಿಯ ಚಿಕ್ಕ ಅಳತೆಯೇ 8ರಿಂದ 10 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೂಜಿಯಿಂದ ಕೋಶಗಳನ್ನು ಹೀರಿ ಪರೀಕ್ಷಿಸುವುದು ರೂಢಿ. ಸೂಜಿಯನ್ನು ತೊಳೆದ ದ್ರವದಲ್ಲಿ, ಥೈರಾಯ್ಡ್ ಕೋಶಗಳು ತಯಾರಿಸುವ ಥೈರೊಗ್ಲೊಬ್ಯುಲಿನ್ ಎಂಬ ಪ್ರೋಟೀನಿನ ಪ್ರಮಾಣವನ್ನೂ ಅಳೆಯಬಹುದು. ಕೋಶಗಳು ಸಾಕಷ್ಟು ಸಿಗದಿದ್ದಾಗ ಇದರ ನೆರವು ದೊಡ್ಡದು. ಗ್ರಂಥಿಗಳಿಗೆ ನಿಜವಾಗಿ ಹರಡಿದೆಯೇ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಿ ತಿಳಿಯುವುದು ಮುಖ್ಯ, ಏಕೆಂದರೆ ದುಗ್ಧಗ್ರಂಥಿಗಳನ್ನು ಅನಗತ್ಯವಾಗಿ ತೆಗೆದರೆ ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೂ ಧ್ವನಿಯ ನರಕ್ಕೂ ಪೆಟ್ಟು ಬೀಳಬಹುದು.

ಹಶಿಮೊಟೊ ಜೊತೆಗಿದ್ದರೆ ಹರಡುವಿಕೆ ಹೆಚ್ಚೇ, ಕಡಿಮೆಯೇ? ಅನೇಕ ಅಧ್ಯಯನಗಳಲ್ಲಿ ಅದು ಕಡಿಮೆ ಎಂದೇ ಕಂಡುಬಂದಿದೆ, ಆದರೆ ಎಲ್ಲವೂ ಒಂದೇ ಮಾತು ಹೇಳುವುದಿಲ್ಲ. ರಕ್ಷಣಾ ಕೋಶಗಳು ಗಡ್ಡೆಯನ್ನು ತಡೆಹಿಡಿಯುತ್ತಿರಬಹುದು. ಇಂಥವರಿಗೆ ಮತ್ತೆ ಮತ್ತೆ ಸ್ಕ್ಯಾನಿಂಗ್ ಆಗುವುದರಿಂದ ಗಡ್ಡೆ ಚಿಕ್ಕದಿರುವಾಗಲೇ ಸಿಗುತ್ತಿರಲೂಬಹುದು. ಈ ಸಮಾಧಾನವನ್ನು ಒಬ್ಬ ರೋಗಿಯ ಮೇಲೆ ನೇರವಾಗಿ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಯುವಜನರಲ್ಲಿ ಹೆಚ್ಚಾಗಿ ಕಾಣುವ, ಇಡೀ ಥೈರಾಯ್ಡ್ ಗ್ರಂಥಿಯನ್ನು ಗಟ್ಟಿಯಾಗಿಸುವ ಪ್ಯಾಪಿಲರಿ ಕ್ಯಾನ್ಸರಿನ ಒಂದು ಬಗೆಯಲ್ಲಿ ಇಂಥದ್ದೇ ಉರಿಯೂತವಿದ್ದರೂ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹರಡುವುದು ಸಾಮಾನ್ಯ.

ಹರಡಿದೆ ಎಂದೇ ಖಚಿತವಾದರೂ ಧೈರ್ಯಗೆಡಬೇಕಾಗಿಲ್ಲ. 2018ರಿಂದ ಬಳಕೆಯಲ್ಲಿರುವ ಹಂತ ನಿರ್ಣಯದ ಪ್ರಕಾರ, 55 ವರ್ಷಕ್ಕಿಂತ ಕಿರಿಯರಲ್ಲಿ ದುಗ್ಧಗ್ರಂಥಿಗೆ ಹರಡಿದ್ದರೂ ದೂರದ ಅಂಗಗಳಿಗೆ ಹೋಗಿಲ್ಲದಿದ್ದರೆ ಅದು ಮೊದಲ ಹಂತವೇ.

ಶಸ್ತ್ರಚಿಕಿತ್ಸೆಯ ನಂತರದ ರಕ್ತಪರೀಕ್ಷೆಯ ವಿಷಯದಲ್ಲಿ ಮಾತ್ರ ಹಶಿಮೊಟೊ ಇರುವವರು ವಿಶೇಷ ಎಚ್ಚರ ವಹಿಸಬೇಕು. ಕ್ಯಾನ್ಸರ್ ಉಳಿದಿದೆಯೇ ಎಂದು ತಿಳಿಯಲು ಥೈರೊಗ್ಲೊಬ್ಯುಲಿನ್ ಅಳೆಯುತ್ತಾರೆ. ಇವರಲ್ಲಿ ಅದರ ವಿರುದ್ಧವೇ ಪ್ರತಿಕಾಯಗಳಿರುವುದು ಸಾಮಾನ್ಯ, ಅವು ಸಾಮಾನ್ಯ ಪ್ರಯೋಗಾಲಯ ವಿಧಾನದಲ್ಲಿ ನಿಜಕ್ಕಿಂತ ಕಡಿಮೆ ಅಂಕಿಯನ್ನು ತೋರಿಸುತ್ತವೆ. ಹಾಗಾಗಿ ಪ್ರತಿಕಾಯದ ಮಟ್ಟವನ್ನೂ ಪ್ರತಿ ಸಲ ಜೊತೆಯಲ್ಲೇ ಅಳೆಯಿಸಬೇಕು. ಅದು ನಿಧಾನವಾಗಿ ಇಳಿಯುತ್ತಾ ಹೋದರೆ ಒಳ್ಳೆಯ ಸೂಚನೆ, ಪೂರ್ತಿ ಮರೆಯಾಗಲು ಕೆಲವು ವರ್ಷಗಳೇ ಬೇಕಾಗಬಹುದು. ಇಳಿದದ್ದು ಮತ್ತೆ ಏರತೊಡಗಿದರೆ ಕುತ್ತಿಗೆಯ ಸ್ಕ್ಯಾನಿಂಗ್ ಮಾಡಿಸಿ ಹುಡುಕಬೇಕು. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಅಂಕಿಗಳು ಬದಲಾಗುವುದರಿಂದ ಈ ಪರೀಕ್ಷೆಯನ್ನು ಒಂದೇ ಕಡೆ ಮಾಡಿಸುತ್ತಾ ಹೋಗುವುದು ಉತ್ತಮ.