ಪದ ಪರಿಚಯ: ಪ್ರಾಣಿ ನಿರ್ಲಕ್ಷ್ಯ

"ನಾವು ಅದಕ್ಕೆ ಒಂದು ಏಟೂ ಹೊಡೆದಿಲ್ಲ ರೀ." ನಮ್ಮ ಹಿಂದಿನ ರಸ್ತೆಯ ಮನೆಯವರು ಹೇಳಿದ ಮಾತಿದು. ಅದು ನಿಜವೇ. ಆದರೆ ಏಪ್ರಿಲ್ ಬಿಸಿಲಲ್ಲಿ ಅವರ ಲ್ಯಾಬ್ರಡಾರ್ ನಾಯಿ ಟೆರೇಸಿನ ಮೇಲೆ, ನೀರಿನ ಟ್ಯಾಂಕಿನ ಪೈಪಿಗೆ ಕಟ್ಟಿಸಿಕೊಂಡು ನಿಂತಿತ್ತು. ಚೈನು ಒಂದು ಮಾರೂ ಇರಲಿಲ್ಲ. ಸ್ಟೀಲ್ ಬಟ್ಟಲಲ್ಲಿ ಬೋರ್ ನೀರು ಒಣಗಿದ ಬಿಳಿ ಗೆರೆ ಮಾತ್ರ. ಕೊರಳಪಟ್ಟಿಯ ಕೆಳಗೆ ಕೂದಲು ಉದುರಿ ಚರ್ಮ ಕೆಂಪಾಗಿತ್ತು.

ಇದಕ್ಕೆ ಕಾನೂನಿನಲ್ಲಿರುವ ಹೆಸರೇ ನಿರ್ಲಕ್ಷ್ಯ. ಲಕ್ಷ್ಯ ಕೊಡದೆ ಇರುವುದು. ದಿನದ ಮಾತಲ್ಲಿ ಇದು ಸಣ್ಣ ತಪ್ಪಿನ ಹಾಗೆ ಕೇಳಿಸುತ್ತದೆ, ಅಲ್ವಾ? ಕಾನೂನು ಮಾತ್ರ ಇದನ್ನು ಕ್ರೌರ್ಯದ ಸಾಲಿನಲ್ಲೇ ಇಟ್ಟಿದೆ.

ಆ ಕಾನೂನು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ. ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟು ಹಿಡಿದದ್ದರ ಫಲ ಅದು. ಪ್ರಾಣಿ ಯಾರ ಸುಪರ್ದಿಯಲ್ಲಿದೆಯೋ ಅವರೇ ಅದರ ಒಳಿತು ನೋಡಿಕೊಳ್ಳಬೇಕು ಎನ್ನುತ್ತದೆ 3ನೇ ಸೆಕ್ಷನ್. ಮನೆಯವರೆಲ್ಲ ಊರಿಗೆ ಹೋದಾಗ ಕೀಲಿಕೈ ಇಸ್ಕೊಂಡು ನಾಯಿ ನೋಡಿಕೊಳ್ಳಲು ಒಪ್ಪಿದವರಿಗೂ ಈ ಹೊಣೆ ಬರುತ್ತದೆ. 11ನೇ ಸೆಕ್ಷನ್ ಬಿಡಿಸಿ ಹೇಳುತ್ತದೆ: ಸಾಕಿದವರು ಸಾಕಷ್ಟು ಊಟ, ನೀರು, ನೆರಳು ಕೊಡದಿದ್ದರೆ ಅಪರಾಧ. ತೀರಾ ಗಿಡ್ಡ ಅಥವಾ ಭಾರದ ಚೈನಿನಲ್ಲಿ ಹೊತ್ತುಗಟ್ಟಲೆ ಕಟ್ಟಿದರೂ ಅಪರಾಧ. ಸದಾ ಕಟ್ಟಿಯೇ ಇಟ್ಟ ನಾಯಿಯನ್ನು ಓಡಾಡಿಸದಿದ್ದರೂ ಅಷ್ಟೇ. ಮನೆ ಖಾಲಿ ಮಾಡುವಾಗ ಹಸಿವು ಬಾಯಾರಿಕೆಯಲ್ಲಿ ನರಳಲಿ ಎಂಬಂತೆ ಬಿಟ್ಟುಹೋಗುವುದೂ ಇದರಲ್ಲೇ ಬರುತ್ತದೆ.

ಬಿಸಿಲಿನ ವಿಷಯ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಕಾದ ಸಿಮೆಂಟಿನ ಮೇಲೆ, ನೀರಿಲ್ಲದೆ ಕಟ್ಟಿಹಾಕಿದರೆ ಅದಕ್ಕೆ ಬೇರೆ ದಾರಿಯೇ ಇಲ್ಲ. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಮುಚ್ಚಿದ ಕಾರಿನೊಳಗೆ ಅಷ್ಟು ಹೊತ್ತೂ ಬೇಡ.

ಶಿಕ್ಷೆಯ ಮೊತ್ತ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಮೊದಲ ಸಲ 10ರಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. 1960ರ ಲೆಕ್ಕ ಇವತ್ತಿಗೂ ಬದಲಾಗಿಲ್ಲ. ಪ್ರಾಣಿಯನ್ನು ಬೇಕಂತಲೇ ಕೊಂದರೆ, ವಿಷ ಹಾಕಿದರೆ, ಅಂಗ ಊನ ಮಾಡಿದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಬರುತ್ತದೆ. ಅದರಲ್ಲಿ ಐದು ವರ್ಷದವರೆಗೆ ಜೈಲು.

ಇನ್ನೊಂದು ತೊಡಕು. ಊಟ ನೀರು ಕೊಡದ ಪ್ರಕರಣದಲ್ಲಿ ಪೊಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆ ಮಾಡುವ ಹಾಗಿಲ್ಲ. ಆದರೂ ಠಾಣೆಗೆ ಹೋಗಿ ಬರವಣಿಗೆಯಲ್ಲೇ ದೂರು ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ದಿನಾಂಕ ಕಾಣುವ ಹಾಗೆ ಫೋಟೋ ತೆಗೆದಿಟ್ಟುಕೊಳ್ಳಿ. ತಪ್ಪು ನಡೆದ ಮೂರು ತಿಂಗಳೊಳಗೆ ಕೇಸ್ ಹೂಡಬೇಕು, ಆಮೇಲೆ ಆಗುವುದಿಲ್ಲ. ಬೆಂಗಳೂರಿನಲ್ಲಿ ಪ್ರಾಣಿಗಳ ನೆರವಿಗೆ ಬರುವ ಕ್ಯೂಪಾದಂಥ (CUPA) ಸಂಸ್ಥೆಗಳೂ ಇವೆ. ಪ್ರಾಣಿಯ ಸ್ಥಿತಿ ಕೆಟ್ಟಿದ್ದರೆ ಅವರಿಗೂ ತಿಳಿಸಿ.

ನಾವು ಠಾಣೆಗೆ ಹೋಗುವ ಮೊದಲು ಆ ಮನೆಗೇ ಹೋದೆವು. 11ನೇ ಸೆಕ್ಷನ್ನಿನ ಪ್ರಿಂಟ್ ಒಂದನ್ನು ಕೈಯಲ್ಲಿ ಹಿಡಿದಿದ್ದೆ. ಆ ಮನೆಯ ಅಜ್ಜಿ ಅದನ್ನು ಮೊಮ್ಮಗನ ಕೈಲಿ ಕನ್ನಡದಲ್ಲಿ ಹೇಳಿಸಿಕೊಂಡರು. "ಇದಕ್ಕೂ ಕಾನೂನು ಇದೆಯೇನಪ್ಪಾ?" ಅಂದರು. ಅವತ್ತು ಸಂಜೆಯೇ ನಾಯಿ ಕೆಳಗಿನ ಪೋರ್ಟಿಕೋಗೆ ಬಂತು. ಕುತ್ತಿಗೆಯ ಕೂದಲು ಮಾತ್ರ ಇನ್ನೂ ಪೂರ್ತಿ ಬಂದಿಲ್ಲ.