22 ಸಾವಿರದ ರಿಫರ್ಬಿಷ್ಡ್ ಲ್ಯಾಪ್‌ಟಾಪ್ ಮಗಳಿಗೆ ಕೊಡಿಸಬಹುದಾ?

ಪ್ರಶ್ನೆ: ಮಗಳು ಈ ವರ್ಷ ಬಿಸಿಎ ಸೇರಿದ್ದಾಳೆ. ಹೊಸ ಲ್ಯಾಪ್‌ಟಾಪ್‌ಗೆ 50 ಸಾವಿರದ ಮೇಲೆ ಹೇಳುತ್ತಾರೆ. ಇಲ್ಲೇ ಪೇಟೆಯಲ್ಲಿ ಒಬ್ಬರು ಡೆಲ್ ಲ್ಯಾಟಿಟ್ಯೂಡ್ ರಿಫರ್ಬಿಷ್ಡ್ 22 ಸಾವಿರಕ್ಕೆ ಕೊಡುತ್ತೇನೆ ಎನ್ನುತ್ತಾರೆ. ನೋಡೋಕೆ ಹೊಸದರ ಹಾಗೇ ಇದೆ. ಪ್ರೊಸೆಸರ್ ಐ5-7300ಯು. ತಗೊಳ್ಳಬಹುದಾ?
(ಒಬ್ಬ ತಂದೆ, ವಿದ್ಯಾನಗರ, ದಾವಣಗೆರೆ)

ಉತ್ತರ: ರಿಫರ್ಬಿಷ್ಡ್, ಅಂದರೆ ಒಬ್ಬರು ಬಳಸಿದ್ದನ್ನು ಸರಿಪಡಿಸಿ ಮತ್ತೆ ಮಾರುವ ಲ್ಯಾಪ್‌ಟಾಪ್, ಖಂಡಿತ ತಗೊಳ್ಳಬಹುದು. ಆದರೆ ನೀವು ನೋಡಿರುವ ಈ ಲ್ಯಾಪ್‌ಟಾಪ್ ಬೇಡ.

ಜಾತ್ರೆಯಲ್ಲಿ ಎತ್ತು ಕೊಳ್ಳುವವರನ್ನು ನೋಡಿರುತ್ತೀರಿ. ಕೊಂಬಿಗೆ ಎಣ್ಣೆ ಸವರಿ, ಮೈ ತಿಕ್ಕಿ ನಿಲ್ಲಿಸಿದ್ದರೂ ತಿಳಿದವರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಲ್ಯಾಪ್‌ಟಾಪ್‌ನ ಹಲ್ಲು ಇರುವುದು ಪ್ರೊಸೆಸರ್ ನಂಬರಿನಲ್ಲಿ. 7300 ಅಂದರೆ 7ನೇ ಜನರೇಷನ್, ಅಂದರೆ 7ನೇ ತಲೆಮಾರಿನದು. 8350 ಇದ್ದರೆ 8ನೇದು, 10310 ಇದ್ದರೆ 10ನೇದು, 1145 ಇದ್ದರೆ 11ನೇದು. ಒಂದೆರಡು ಬಿಟ್ಟರೆ, ಇಂಟೆಲ್‌ನ 8ನೇ ಜನರೇಷನ್‌ಗಿಂತ ಹಿಂದಿನ ಪ್ರೊಸೆಸರ್‌ಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ, ಅಂದರೆ ಸುರಕ್ಷತೆಯ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ‘ನಾವು ವಿಂಡೋಸ್ 11 ಹಾಕಿಕೊಡ್ತೀವಿ’ ಎಂದು ಅಂಗಡಿಯವರು ಹೇಳಬಹುದು. ಅಡ್ಡದಾರಿಯಲ್ಲಿ ಹಾಕಿದರೆ ಓಡುತ್ತದೆ, ಸುಳ್ಳಲ್ಲ. ಆದರೆ ಮುಂದೆ ಅಪ್‌ಡೇಟ್ ಬರುತ್ತದೆ ಅನ್ನೋ ಖಾತ್ರಿ ಇಲ್ಲ. ಬಿಸಿಎ ಮೂರು ವರ್ಷದ ಮಾತು ಅಲ್ವಾ? ಮೊದಲ ದಿನವೇ ವಯಸ್ಸಾದದ್ದನ್ನು ಕೊಡಿಸಬೇಡಿ.

ಇನ್ನು, ಈ ಲ್ಯಾಪ್‌ಟಾಪ್‌ಗಳು ಎಲ್ಲಿಂದ ಬರುತ್ತವೆ ಅಂತ ತಿಳಿದರೆ ಅರ್ಧ ಭಯ ಹೋಗುತ್ತದೆ. ಬೆಂಗಳೂರಿನಂಥ ಊರುಗಳ ಐಟಿ ಕಂಪನಿಗಳು ಲ್ಯಾಪ್‌ಟಾಪ್‌ಗಳನ್ನು ಮೂರು–ನಾಲ್ಕು ವರ್ಷದ ಲೀಸ್ ಮೇಲೆ ತಗೊಳ್ಳುತ್ತವೆ. ಅವಧಿ ಮುಗಿದ ಮೇಲೆ ನೂರಾರು ಒಟ್ಟಿಗೆ ಹೊರಬೀಳುತ್ತವೆ. ಲ್ಯಾಟಿಟ್ಯೂಡ್, ಥಿಂಕ್‌ಪ್ಯಾಡ್, ಎಲೀಟ್‌ಬುಕ್ ಇವೆಲ್ಲ ಆಫೀಸಿಗೆಂದೇ ಮಾಡಿದ ಗಟ್ಟಿ ಸರಣಿಗಳು. ಕೀಬೋರ್ಡ್, ಬ್ಯಾಟರಿ, ಪರದೆಯ ಕೀಲು ಇಂಥ ಬಿಡಿಭಾಗಗಳು ಸಿಗುತ್ತವೆ. ಬಹಳಷ್ಟು ಮಾಡೆಲ್‌ಗಳಲ್ಲಿ ರ್‍ಯಾಮ್ ಹೆಚ್ಚಿಸಿಕೊಳ್ಳಬಹುದು. ಅದೇ ದುಡ್ಡಿಗೆ ಸಿಗುವ ಹೊಸ, ತೆಳು ಪ್ಲಾಸ್ಟಿಕ್‌ನ ಲ್ಯಾಪ್‌ಟಾಪ್‌ಗಿಂತ ಇವೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಒರೆಸಿ, ಸ್ಟಿಕ್ಕರ್ ಅಂಟಿಸಿದ್ದನ್ನೂ ‘ರಿಫರ್ಬಿಷ್ಡ್’ ಅಂತಲೇ ಮಾರುತ್ತಾರೆ. ಹಾಗಾಗಿ ‘ಇದರಲ್ಲಿ ಏನೇನು ಬದಲಾಯಿಸಿದ್ದೀರಿ?’ ಅಂತ ನೇರವಾಗಿ ಕೇಳಿ. ಬ್ಯಾಟರಿ, ಎಸ್‌ಎಸ್‌ಡಿ (ಫೈಲ್‌ಗಳನ್ನು ಇಟ್ಟುಕೊಳ್ಳುವ ಡಿಸ್ಕ್), ಚಾರ್ಜರ್ ಹೀಗೆ ಹೆಸರು ಹಿಡಿದು ಹೇಳಿದರೆ ಸರಿ. ‘ಎಲ್ಲಾ ಚೆಕ್ ಮಾಡಿದೀವಿ ಸರ್’ ಅಂದರೆ ನೀವೇ ಚೆಕ್ ಮಾಡಬೇಕು ಅಂತ ಅರ್ಥ.

ಲ್ಯಾಪ್‌ಟಾಪ್ ಮುಚ್ಚಿ, ಅಂಗಡಿಯ ಗಾಜಿನ ಕೌಂಟರ್ ಮೇಲೆ ಇಡಿ. ಒಂದು ಮೂಲೆಯನ್ನು ಬೆರಳಿಂದ ಒತ್ತಿ. ಟಕಟಕ ಅಂತ ಅಲ್ಲಾಡಿದರೆ, ಇಲ್ಲಾ ಟಚ್‌ಪ್ಯಾಡ್ ಸ್ವಲ್ಪ ಮೇಲೆದ್ದಿದ್ದರೆ, ಒಳಗೆ ಬ್ಯಾಟರಿ ಉಬ್ಬಿರಬಹುದು. ಅದು ಅಪಾಯ, ಚೌಕಾಶಿಗೂ ನಿಲ್ಲಬೇಡಿ. ಸರಿಯಾಗಿ ಕೂತಿದ್ದರೆ ಆನ್ ಮಾಡಿಸಿ. ಕಮಾಂಡ್ ಪ್ರಾಂಪ್ಟ್ ತೆಗೆದು, ಬ್ಯಾಟರಿ ರಿಪೋರ್ಟ್ ತೆಗೆಸಿ ಅನ್ನಿ. ಕಂಪ್ಯೂಟರ್ ಗೊತ್ತಿರುವ ಯಾವ ಹುಡುಗನಿಗೂ ಇದು ಅರ್ಧ ನಿಮಿಷದ ಕೆಲಸ. ಅದರಲ್ಲಿ ಎರಡು ಅಂಕಿ ನೋಡಿ: ಡಿಸೈನ್ ಕೆಪ್ಯಾಸಿಟಿ, ಫುಲ್ ಚಾರ್ಜ್ ಕೆಪ್ಯಾಸಿಟಿ. ಮೊದಲನೆಯದು 60,000 ಇದ್ದು ಎರಡನೆಯದು 30,000 ಇದ್ದರೆ ಅರ್ಧ ಬ್ಯಾಟರಿ ಸವೆದಿದೆ. ಹೊಸ ಬ್ಯಾಟರಿ ಹಾಕಿಸಿಕೊಡಿ, ಇಲ್ಲಾ ಅದರ ಬೆಲೆ ಕಳೆಯಿರಿ ಅಂತ ಕೇಳುವ ಹಕ್ಕು ನಿಮಗಿದೆ. ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ಲ, ಶಾಖಕ್ಕೆ ಲಿಥಿಯಂ ಬ್ಯಾಟರಿ ಇನ್ನೂ ಬೇಗ ಸವೆಯುತ್ತದೆ.

ಇನ್ನೊಂದು ಪರೀಕ್ಷೆ ತುಂಬಾ ಜನರಿಗೆ ಗೊತ್ತಿಲ್ಲ. ಅಂಗಡಿಯಲ್ಲೇ ವಿಂಡೋಸ್ ರೀಸೆಟ್ ಮಾಡಿಸಿ, ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ. ಯಾವುದೋ ಕಂಪನಿಯ ಹೆಸರು ಬಂದು, ಅಲ್ಲಿನ ಇಮೇಲ್ ಕೇಳಿದರೆ ಆ ಲ್ಯಾಪ್‌ಟಾಪ್ ಇನ್ನೂ ಹಳೇ ಒಡೆಯರ ಪಟ್ಟಿಯಿಂದ ಬಿಡುಗಡೆ ಆಗಿಲ್ಲ. ವಿಂಡೋಸ್‌ಗೂ ಮೊದಲೇ ಓಡುವ ಬಯೋಸ್ ಎಂಬ ಸೆಟ್ಟಿಂಗ್‌ಗೆ ಪಾಸ್‌ವರ್ಡ್ ಇದ್ದರೂ ಬೇಡ.

ನಾನು ಹಿಂದೊಮ್ಮೆ ಆನ್‌ಲೈನ್‌ನಲ್ಲಿ ಒಂದು ಲ್ಯಾಪ್‌ಟಾಪ್ ತರಿಸಿದ್ದೆ. ಸಾವಿರದೈನೂರು ಕಮ್ಮಿ ಸಿಕ್ಕಿತ್ತು. 20 ದಿನಕ್ಕೆ ಪರದೆ ಮಿಣುಕತೊಡಗಿತು. ಪ್ಯಾಕ್ ಮಾಡಿ ಕೊರಿಯರ್‌ನಲ್ಲಿ ಕಳಿಸಿದೆ. ತಿಂಗಳಾದ ಮೇಲೆ ಅದೇ ಮಿಣುಕಿನೊಂದಿಗೆ ವಾಪಸ್ ಬಂತು. ಆವತ್ತಿನಿಂದ, ಬಸ್ ಹತ್ತದೆ ಹೋಗಿ ಕೇಳಬಹುದಾದ ಅಂಗಡಿಗೆ ಸಾವಿರ ಜಾಸ್ತಿ ಕೊಟ್ಟರೂ ಪರವಾಗಿಲ್ಲ ಅನ್ನುವವನು ನಾನು. 6 ತಿಂಗಳಾದರೂ ವಾರಂಟಿ ಬರೆಸಿಕೊಳ್ಳಿ. ಜಿಎಸ್‌ಟಿ ಬಿಲ್ ಮೇಲೆ ಲ್ಯಾಪ್‌ಟಾಪ್‌ನ ಸೀರಿಯಲ್ ನಂಬರ್ ಇರಲೇಬೇಕು. ತಕರಾರು ಬಂದರೆ 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಲಿಕ್ಕೂ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲಿಕ್ಕೂ ಕೈಯಲ್ಲಿ ಬೇಕಾದ್ದು ಆ ಕಾಗದವೇ.

ಹಳೇ ಫೋನ್ ಕೊಳ್ಳುವ ಯೋಚನೆಯೂ ಇದ್ದರೆ, ಸ್ಟಾರ್-ಹ್ಯಾಶ್-06-ಹ್ಯಾಶ್ ಒತ್ತಿ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್, ತಗೊಳ್ಳಿ. ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ಬ್ಲಾಕ್ ಆದ ಫೋನ್ ಆಗಿದ್ದರೆ ತಿಳಿಯುತ್ತದೆ. ವೈರ್‌ಲೆಸ್ ಇಯರ್‌ಬಡ್ ಮಾತ್ರ ಹಳೇದು ಬೇಡವೇ ಬೇಡ. ಬಹುತೇಕ ಇಯರ್‌ಬಡ್‌ಗಳಲ್ಲಿ ಬ್ಯಾಟರಿ ಬದಲಿಸಲು ಆಗುವುದಿಲ್ಲ.

ಈಗ ನಿಮ್ಮ ವಿಷಯ. ಅದೇ ಅಂಗಡಿಯವರ ಹತ್ರ 8ನೇ ಇಲ್ಲಾ 10ನೇ ಜನರೇಷನ್, 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ ಇರುವುದನ್ನು ಕೇಳಿ. ಎರಡು–ಮೂರು ಸಾವಿರ ಮೇಲೆ ಹೋದರೂ ಸರಿ. ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ. ಅಲ್ಲೇ ಕೂತು ಅವಳು ಒಂದು ಪುಟ ಟೈಪ್ ಮಾಡಲಿ, ಒಂದು ಕೀಲಿಯನ್ನೂ ಬಿಡದೆ.