ಗ್ಯಾಸ್‌ನಿಂದ ಮಾಡಿದ ಎಥನಾಲ್ ಬಂಕಿಗೆ ಯಾಕೆ ಬರಲಿಲ್ಲ?

ಪೆಟ್ರೋಲ್ ಬಂಕಿನಲ್ಲಿ ‘ಇ20’ (ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಎಥನಾಲ್ ಎಂದರೆ ಕಬ್ಬು, ಮೆಕ್ಕೆಜೋಳ ಅಂತಲೇ ನಮಗೆ ನೆನಪಾಗುವುದು. ಆದರೆ ಅಮೆರಿಕದಲ್ಲಿ ಕಾರ್ಖಾನೆಗಳು ಬಳಸುವ ಎಥನಾಲ್‌ನ ಬಹುಪಾಲು ಎಷ್ಟೋ ವರ್ಷ ಹೊಲದಿಂದ ಬರಲಿಲ್ಲ. ಗ್ಯಾಸ್ ಮತ್ತು ಕಚ್ಚಾ ತೈಲದಿಂದ ಬಂತು.

ಬಾವಿಯಿಂದ ಮೇಲೆ ಬರುವ ನೈಸರ್ಗಿಕ ಅನಿಲದಲ್ಲಿ ಮೀಥೇನ್ ಒಂದೇ ಇರುವುದಿಲ್ಲ. ಈಥೇನ್, ಪ್ರೊಪೇನ್, ಬ್ಯೂಟೇನ್ ಕೂಡ ಇರುತ್ತವೆ. ಚೆನ್ನಾಗಿ ತಣ್ಣಗಾಗಿಸಿದರೆ ಇವು ದ್ರವವಾಗಿ ಬೇರೆಯಾಗುತ್ತವೆ. ಪ್ರೊಪೇನ್, ಬ್ಯೂಟೇನ್ ಅಡುಗೆ ಸಿಲಿಂಡರಿಗೆ ಹೋಗುತ್ತವೆ. ಈಥೇನ್‌ಗೆ ಮೊದಲು ಅಂಥ ಗಿರಾಕಿ ಇರಲಿಲ್ಲ.

ಗಿರಾಕಿ ಹುಟ್ಟಿದ್ದು ವೆಸ್ಟ್ ವರ್ಜೀನಿಯಾದಲ್ಲಿ. 1920ರ ಹೊತ್ತಿಗೆ ಅಲ್ಲಿನ ಕ್ಲೆಂಡೆನಿನ್ ಎಂಬ ಸಣ್ಣ ಊರಿನಲ್ಲಿ ಯೂನಿಯನ್ ಕಾರ್ಬೈಡ್ (ಹೌದು, ಮುಂದೆ ಭೋಪಾಲದಲ್ಲಿ ಕುಖ್ಯಾತಿ ಪಡೆದ ಅದೇ ಕಂಪನಿ) ಈಥೇನನ್ನು ಕಾಯಿಸಿ, ಒಡೆದು ಎಥಿಲೀನ್ ಎಂಬ ಇನ್ನೊಂದು ಅನಿಲ ಮಾಡತೊಡಗಿತು. ಅದರಿಂದ ಗ್ಲೈಕಾಲ್ ಬಂತು. ಚಳಿಗಾಲದಲ್ಲಿ ಕಾರಿನ ರೇಡಿಯೇಟರ್ ನೀರು ಹೆಪ್ಪುಗಟ್ಟದಂತೆ ಹಾಕುವ ದ್ರವ ಅದು. 1930ರಲ್ಲಿ ಪಕ್ಕದ ಸೌತ್ ಚಾರ್ಲ್‌ಸ್ಟನ್‌ನಲ್ಲಿ ಎಥನಾಲ್ ಕೂಡ ಶುರುವಾಯಿತು.

ವಿದ್ಯೆ ಹೊಸದೇನಲ್ಲ. ಎಥಿಲೀನನ್ನು ಸಲ್ಫ್ಯೂರಿಕ್ ಆಸಿಡ್‌ಗೆ ಹೀರಿಸಿ, ಆಮೇಲೆ ನೀರು ಸೇರಿಸಿದರೆ ಎಥನಾಲ್ ಸಿಗುತ್ತದೆ ಎಂದು 1820ರ ದಶಕದಲ್ಲೇ ಲಂಡನ್ನಿನ ಹೆನ್ರಿ ಹೆನೆಲ್ ತೋರಿಸಿದ್ದರು. ಕಷ್ಟ ಇದ್ದದ್ದು ಆಸಿಡ್‌ನದು. ಪ್ರತಿ ಸಲ ನೀರಾಗುತ್ತಿತ್ತು, ಮತ್ತೆ ಗಟ್ಟಿ ಮಾಡಬೇಕಿತ್ತು. ಪೈಪು, ತೊಟ್ಟಿಗಳನ್ನೂ ತಿನ್ನುತ್ತಿತ್ತು. 1940ರ ದಶಕದ ಕೊನೆಗೆ ಶೆಲ್ ಕಂಪನಿ ಟೆಕ್ಸಾಸ್‌ನಲ್ಲಿ ಬೇರೆ ದಾರಿ ಹಿಡಿಯಿತು. ಸುಮಾರು 300 ಡಿಗ್ರಿ ಶಾಖ, ವಾತಾವರಣದ 70 ಪಟ್ಟು ಒತ್ತಡ. ಫಾಸ್ಫಾರಿಕ್ ಆಸಿಡ್ ಹೀರಿಸಿದ ಗಟ್ಟಿ ಹರಳುಗಳ ಮೇಲೆ ಎಥಿಲೀನ್ ಮತ್ತು ಹಬೆಯನ್ನು ಹಾಯಿಸಿದರೆ ನೇರವಾಗಿ ಎಥನಾಲ್. ಒಂದು ಸುತ್ತಿಗೆ ಎಥಿಲೀನ್‌ನ ಶೇ 5ರಷ್ಟು ಮಾತ್ರ ಬದಲಾಗುತ್ತದೆ. ಉಳಿದದ್ದನ್ನು ಮತ್ತೆ ಮತ್ತೆ ಸುತ್ತಿಸಬೇಕು.

ಅದುವರೆಗೆ ಅಮೆರಿಕದ ಡಿಸ್ಟಿಲರಿಗಳು ನಂಬಿಕೊಂಡಿದ್ದು ಕ್ಯೂಬಾ ಕಡೆಯ ಕಾಕಂಬಿಯನ್ನು (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ). ಅದರ ಬೆಲೆ ಇವತ್ತು ಹೀಗೆ, ನಾಳೆ ಹಾಗೆ. ಎಥಿಲೀನ್ ಮಾತ್ರ ಅಗ್ಗವಾಗಿ, ಬೇಕಾದಷ್ಟು ಸಿಗುತ್ತಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹುದುಗು ಬರಿಸಿದ ಎಥನಾಲ್ ಹಿಂದೆ ಬಿತ್ತು.

ಆಟ ತಿರುಗಿದ್ದು 1973ರ ತೈಲ ಬಿಕ್ಕಟ್ಟಿನ ನಂತರ. 1978ರಲ್ಲಿ ಅಮೆರಿಕದ ಸಂಸತ್ತು ಶೇ 10 ಆಲ್ಕೋಹಾಲ್ ಬೆರೆಸಿದ ಪೆಟ್ರೋಲಿಗೆ ಗ್ಯಾಲನ್‌ಗೆ 4 ಸೆಂಟ್ ತೆರಿಗೆ ಬಿಟ್ಟಿತು. ಜೊತೆಗೇ ಷರತ್ತು: ಆ ಆಲ್ಕೋಹಾಲ್ ಪೆಟ್ರೋಲಿಯಂ, ನೈಸರ್ಗಿಕ ಅನಿಲ ಅಥವಾ ಕಲ್ಲಿದ್ದಲಿನಿಂದ ಮಾಡಿದ್ದಾಗಿರಬಾರದು. ನನಗೆ ಕಾಣುವಂತೆ, ಗ್ಯಾಸ್ ಎಥನಾಲ್ ಇಂಧನವಾಗುವ ದಾರಿ ಮುಚ್ಚಿದ್ದು ಇಲ್ಲೇ. ಅಣು ಅದೇ, ಉರಿಯುವುದೂ ಅದೇ ರೀತಿ. ಆದರೆ ಆಮದು ತೈಲ ಕಡಿಮೆ ಮಾಡಿ ರೈತನಿಗೆ ದುಡ್ಡು ಕೊಡುವುದು ಉದ್ದೇಶವಾದಾಗ ಅಣುವಿನ ಊರು ಯಾವುದು ಅನ್ನೋದೇ ಮುಖ್ಯ, ಅಲ್ವಾ? ಊರು ಪತ್ತೆ ಮಾಡುವುದೂ ಸಾಧ್ಯ. ಬೆಳೆಯಿಂದ ಬಂದ ಎಥನಾಲ್‌ನಲ್ಲಿ ಕಾರ್ಬನ್-14 ಇರುತ್ತದೆ. ಗಿಡ ಗಾಳಿಯಿಂದ ಹೀರುವ, ಕಾಲ ಕಳೆದಂತೆ ತಾನಾಗಿ ಕರಗುವ ವಿಕಿರಣಶೀಲ ಇಂಗಾಲ ಅದು. ಕೋಟ್ಯಂತರ ವರ್ಷ ನೆಲದೊಳಗಿದ್ದ ಗ್ಯಾಸ್‌ನಲ್ಲಿ ಅದು ಎಂದೋ ಕರಗಿಹೋಗಿರುತ್ತದೆ.

ಈಥೇನ್ ಈಗ ಹೆಚ್ಚಾಗಿ ಪ್ಲಾಸ್ಟಿಕ್ ಆಗುತ್ತಿದೆ. ರಿಲಯನ್ಸ್ ಅದನ್ನು ಅಮೆರಿಕದಿಂದ ಗುಜರಾತಿನ ದಹೇಜ್‌ಗೆ ದೊಡ್ಡ ಹಡಗುಗಳಲ್ಲಿ ತರಿಸುತ್ತದೆ. ಇತ್ತ ಉತ್ತರಾಖಂಡದ ಕಾಶೀಪುರದಲ್ಲಿ ಇಂಡಿಯಾ ಗ್ಲೈಕಾಲ್ಸ್ ಕಂಪನಿ ಇದೇ ಕೆಲಸವನ್ನು ತಲೆಕೆಳಗಾಗಿ ಮಾಡುತ್ತಿದೆ. ಅಲ್ಲಿ ಕಾಕಂಬಿಯಿಂದ ಎಥನಾಲ್, ಎಥನಾಲ್‌ನಿಂದ ಎಥಿಲೀನ್, ಎಥಿಲೀನ್‌ನಿಂದ ಗ್ಲೈಕಾಲ್.